ಕಾಲೇಜು ಸಲೂನು

ಜೂನ್ ೯

ಮರಿ,

ನಿನ್ನ ಬಸ್ಸು ತಿರುವಿನಲ್ಲಿ ಮರೆಯಾದ ಮೇಲೆ ನಿನ್ನ ಅಮ್ಮ ಕಣ್ಣೊರೆಸಿಕೊಂಡು ಗಾರ್ಮೆಂಟ್ಸಿಗೆ ಹೋದಳು, ನಾನು ಬಂದು ಅಂಗಡಿ ಬಾಗಿಲು ತೆಗೆದೆ. ಮೊದಲ ಗಿರಾಕಿ ನಮ್ಮ ಮೀಸೆ ಡ್ರೈವರ್. ಕುತ್ತಿಗೆಗೆ ಬಟ್ಟೆ ಕಟ್ಟುವ ಮೊದಲೇ, "ಏನ್ ಗುರುವೇ, ಕಾಲೇಜು ಊರು ಬಿಡ್ತಂತೆ" ಅಂದ. ನಿನ್ನನ್ನು ಕಾಲೇಜು ಕಾಲೇಜು ಎಂದು ಊರಿಗೆಲ್ಲ ಡಂಗುರ ಸಾರಿದವನು ನಾನೇ, ಇನ್ನು ಯಾರನ್ನು ದೂರಲಿ?

ಫೋನು ಬೇಡ, ಪತ್ರ ಬರೆಯೋಣ ಎಂದು ಹಠ ಹಿಡಿದವಳು ನೀನು. ಫೋನಿನಲ್ಲಿ ಮಾತಾಡಿದರೆ ನಾನು ಸ್ಪೀಕರ್ ಹಾಕಿ ಅಂಗಡಿಯವರಿಗೆಲ್ಲ ಕೇಳಿಸುತ್ತೇನೆ ಎಂಬುದು ನಿನ್ನ ದೂರು. ಇರಲಿ, ಬರೆಯುತ್ತೇನೆ. ಮಧ್ಯಾಹ್ನ ಹೇಗೂ ಗಿರಾಕಿ ಕಡಿಮೆ. ಆದರೆ ನಿನ್ನ ಪತ್ರ ಬಂದರೆ ಅಂಗಡಿಯಲ್ಲಿ ಗಟ್ಟಿಯಾಗಿ ಓದುವುದನ್ನು ಮಾತ್ರ ತಡೆಯಲು ಬರಬೇಡ. ಅಷ್ಟೂ ಇಲ್ಲದಿದ್ದರೆ ಮಗಳನ್ನು ಓದಿಸಿ ಏನು ಬಂತು?

ಇವತ್ತು ಹೊಸ ಗಿರಾಕಿಯೊಬ್ಬ ಬಂದಿದ್ದ. ಈ ಬೀದಿಯಲ್ಲಿ "ಕಾಲೇಜಿಗೆ ಹೋಗಿ ಬರ್ತೀನಿ" ಅಂದರೆ ಕೂದಲು ಕತ್ತರಿಸಿಕೊಂಡು ಬರುತ್ತೇನೆ ಅಂತ ಅರ್ಥ ಎಂದು ಯಾರೋ ಹೇಳಿದ್ದರಂತೆ, ಯಾಕೆ ಎಂದು ಕೇಳಿದ. ಕೇಳಬಾರದಿತ್ತು. ಕನ್ನಡಿಯ ಪಕ್ಕ ಅಂಟಿಸಿರುವ ನಿನ್ನ ಪಾಸ್‌ಬುಕ್ಕಿನ ಜೆರಾಕ್ಸ್ ತೋರಿಸಿ ಶುರು ಮಾಡಿದೆ. ಕತ್ತಿ ಗಂಟಲ ಹತ್ತಿರ ಇರುವಾಗ ಯಾರೂ ಸಾಕು ನಿಲ್ಲಿಸು ಅನ್ನುವುದಿಲ್ಲ. ನೀನು ಒಂದನೇ ತರಗತಿಗೆ ಸೇರಿದ ವರ್ಷ ನಗರಸಭೆಯವರು ನಮ್ಮಂಥವರ ಮಕ್ಕಳು ಓದುವ ಶಾಲೆಗೆ ಬಂದದ್ದು, ಪ್ರತಿ ಮಗುವಿನ ಹೆಸರಿನಲ್ಲೂ ಕಾಲೇಜು ಖಾತೆ ಅಂತ ತೆರೆದು ಮೊದಲ ಕಂತು ತಾವೇ ಹಾಕಿದ್ದು, ಮುಂದೆ ಅಪ್ಪ ಅಮ್ಮ ಎಷ್ಟು ಹಾಕುತ್ತಾರೋ ಅಷ್ಟನ್ನೇ ನಾವೂ ಸೇರಿಸುತ್ತೇವೆ ಅಂದದ್ದು, ಎಲ್ಲ ಹೇಳಿದೆ. ನಾನು ಆಗ ನಂಬಿರಲಿಲ್ಲ. ಬ್ಯಾಂಕಿನ ಮೇಡಂ ಮುಖಕ್ಕೇ ಹೇಳಿದ್ದೆ: "ಮೇಡಂ, ತಲೆ ಬೋಳಿಸೋದು ನನ್ನ ಕಸುಬು. ನನ್ನ ತಲೇನೇ ಬೋಳಿಸೋಕೆ ಬರಬೇಡಿ." ಆಕೆ ನಕ್ಕು ಪಾಸ್‌ಬುಕ್ಕು ಕೈಗಿಟ್ಟರು. ನೋಡೇಬಿಡೋಣ ಎಂದು ಆ ವಾರ ಚೂರು ಹಾಕಿದೆ. ಅವರೂ ಹಾಕಿದರು. ಆಮೇಲೆ ವಾರದ ರಜೆಯ ದಿನ ನಾನು ಬ್ಯಾಂಕಿಗೆ ಹೋಗುವುದು ತಪ್ಪಲಿಲ್ಲ. ನನಗೆ ಜ್ವರ ಬಂದಾಗ ನಿನ್ನ ಅಮ್ಮ ಹೋದಳು. ಓದಿಗೆ ಬಿಟ್ಟು ಬೇರೆ ಯಾವುದಕ್ಕೂ ಆ ದುಡ್ಡು ತೆಗೆಯುವ ಹಾಗಿಲ್ಲ ಎಂಬ ನಿಯಮ ನನಗೆ ತುಂಬ ಹಿಡಿಸಿತು. ಇಲ್ಲದಿದ್ದರೆ ನನ್ನ ಕೈ ಸುಮ್ಮನಿರುತ್ತಿತ್ತೇ?

ಹೊಸ ಗಿರಾಕಿ ಗಡ್ಡಕ್ಕೆ ಬಂದವನು ಕಥೆ ಮುಗಿಯುವಷ್ಟರಲ್ಲಿ ತಲೆಯನ್ನೂ ಕೊಟ್ಟು ಹೋದ.

ಕಾಲೇಜಿನ ಸಂದರ್ಶನದ ದಿನ ಜಡೆ ಬಿಗಿಯಾಗಿ ಹಾಕಿಕೋ. ಕಾಮರ್ಸ್ ಯಾಕೆ ಎಂದು ಕೇಳಿದರೆ ನಾನು ಹೇಳಿಕೊಟ್ಟದ್ದನ್ನು ಮರೆಯಬೇಡ. ಅಕ್ಕನಿಗೆ ನನ್ನ ನಮಸ್ಕಾರ ಹೇಳು, ಅವಳ ಮನೆಯಲ್ಲಿ ಹೆಚ್ಚು ಮಾತಾಡಬೇಡ ಎಂದು ನಾನು ಹೇಳಿದರೆ ಅವಳೇ ನಗುತ್ತಾಳೆ.

ಕತ್ತರಿ ಕೆಳಗಿಟ್ಟು ಪೆನ್ನು ಹಿಡಿದ
ನಿನ್ನ ಅಪ್ಪ


ಜೂನ್ ೧೭

ಅಪ್ಪ,

ನಿನ್ನ ಪತ್ರವನ್ನು ಅತ್ತೆಗೆ ಓದಿ ಹೇಳಿದೆ. "ನನ್ನ ತಮ್ಮ ಹುಟ್ಟುವಾಗ ಮೊದಲು ಬಾಯಿ ಬಂತು, ಅವನು ಆಮೇಲೆ ಬಂದ" ಅಂದರು. ಅವರ ಮನೆ ಒಂದೇ ಕೋಣೆ. ನನ್ನ ಪೆಟ್ಟಿಗೆ ಮಂಚದ ಕೆಳಗೆ, ನನ್ನ ಹಾಸಿಗೆ ಮಂಚದ ಪಕ್ಕ. ಕಿಟಕಿ ತೆರೆದರೆ ಎದುರು ಮನೆಯವರ ಟೀವಿ ಪೂರ್ತಿ ಕಾಣಿಸುತ್ತದೆ, ಹಾಗಾಗಿ ಅತ್ತೆ ಟೀವಿ ಕೊಂಡಿಲ್ಲ.

ಸಂದರ್ಶನ ಮುಗಿಯಿತು. ಉದ್ದದ ಮೇಜಿನ ಆಚೆ ಮೂವರು ಕೂತಿದ್ದರು. ಕಾಮರ್ಸ್ ಯಾಕೆ ಎಂದು ಕೇಳಿದರು. ನೀನು ಹೇಳಿಕೊಟ್ಟದ್ದನ್ನೇ ಒಪ್ಪಿಸಿದೆ. ಅವರಲ್ಲಿ ಒಬ್ಬರು ಕನ್ನಡಕ ತೆಗೆದು, ಇದು ನಿನ್ನ ಮಾತೋ ಯಾರಾದರೂ ಹೇಳಿಕೊಟ್ಟದ್ದೋ ಎಂದು ಕೇಳಿದರು. ನನ್ನ ಮಾತೇ ಸರ್ ಅಂದೆ. ಪಟ್ಟಿ ಮುಂದಿನ ವಾರ ಹಾಕುತ್ತಾರಂತೆ.

ಕಾಯುವ ದಿನಗಳಲ್ಲಿ ಮಾಡಲು ಕೆಲಸವಿಲ್ಲ. ಮಧ್ಯಾಹ್ನ ಅತ್ತೆಯ ಊಟದ ಡಬ್ಬಿ ತೆಗೆದುಕೊಂಡು ಅವರು ಆಯಾ ಆಗಿರುವ ಆಸ್ಪತ್ರೆಗೆ ಹೋಗುತ್ತೇನೆ. ತುಂಬ ಎತ್ತರದ ಕಟ್ಟಡ. ಮೊನ್ನೆ ಹೋದಾಗ ಲಿಫ್ಟು ಕೆಟ್ಟು ನಿಂತಿತ್ತು. ಕೆಳಗೆ ಸ್ಟ್ರೆಚರ್ ಮೇಲೆ ಒಬ್ಬ ಅಜ್ಜಿ, ಅವರ ಮಗ ಸುಮ್ಮನೆ ಗುಂಡಿ ಒತ್ತುತ್ತಲೇ ಇದ್ದ. ಲಿಫ್ಟಿನವರು ಬಂದರು, ವಯಸ್ಸಾದವರು, ಎಲ್ಲರೂ ಮೇಷ್ಟ್ರೇ ಅನ್ನುತ್ತಾರೆ. ನಾನು ಡಬ್ಬಿ ಹಿಡಿದುಕೊಂಡೇ ಅವರ ಹಿಂದೆ ಮೆಟ್ಟಿಲು ಹತ್ತಿದೆ. ಮೇಲೆ ಚಾವಣಿಯಲ್ಲಿ ಲಿಫ್ಟಿನ ಮೋಟಾರಿಗೇ ಒಂದು ಕೋಣೆ ಇದೆ, ನಿನಗೆ ಗೊತ್ತಿತ್ತೇ? ಟಾರ್ಚು ಹಿಡಿಯಲು ಯಾರೂ ಇರಲಿಲ್ಲ, ನಾನು ಹಿಡಿದೆ. ನಿನ್ನ ಕ್ಲಿಪ್ಪರ್ ಕೆಟ್ಟಾಗ ನಾನು ಬಿಚ್ಚಿ ಕೂರುತ್ತಿದ್ದೆನಲ್ಲ, ಹಾಗೆಯೇ, ಆದರೆ ಕೋಣೆಯಷ್ಟು ದೊಡ್ಡದು. ಲಿಫ್ಟು ಮೇಲೇರುವಾಗ ಇನ್ನೊಂದು ಬದಿಯಲ್ಲಿ ಅದರ ಸಮಕ್ಕೆ ಒಂದು ಕಬ್ಬಿಣದ ಭಾರ ಕೆಳಗಿಳಿಯುತ್ತದೆ. ನಾವು ಒಳಗೆ ನಿಂತು ಮೇಲೆ ಹೋಗುತ್ತೇವೆ, ಗೊತ್ತೇ ಆಗುವುದಿಲ್ಲ.

ಕೆಳಗೆ ಬಂದಾಗ ಅಜ್ಜಿಯನ್ನು ಆಗಲೇ ಲಿಫ್ಟಿನಲ್ಲಿ ವಾರ್ಡಿಗೆ ಕರೆದುಕೊಂಡು ಹೋಗಿಯಾಗಿತ್ತು. ಅತ್ತೆಯ ಊಟ ಆರಿ ತಣ್ಣಗಾಗಿತ್ತು, ಬೈಸಿಕೊಂಡೆ.

ಅಮ್ಮನಿಗೆ ಸೊಂಟದ ಎಣ್ಣೆ ಹಚ್ಚಿಕೊಳ್ಳಲು ಹೇಳು.

ಡಬ್ಬಿ ಹೊರುವ
ನಿನ್ನ ಮಗಳು


ಜೂನ್ ೨೭

ನನ್ನ ಕಾಲೇಜೇ,

ಸೀಟು ಸಿಕ್ಕಿತು ಎಂಬ ನಿನ್ನ ಕಾರ್ಡು ಬಂತು. ಎರಡೇ ಸಾಲು! ಇಂಥ ಸುದ್ದಿಗೆ ಎರಡು ಸಾಲೇ ಮರಿ? ಶಾಯಿಗೆ ಬರ ಬಂದಿತ್ತೇ? ಇರಲಿ, ನೀನು ಬಿಟ್ಟದ್ದನ್ನೆಲ್ಲ ನಾನು ತುಂಬಿ, ಉಪ್ಪು ಖಾರ ಹಚ್ಚಿ ಅಂಗಡಿಯಲ್ಲಿ ಓದಿದೆ. ಆವತ್ತು ಯಾರಿಂದಲೂ ಒಂದು ಕಾಸು ಮುಟ್ಟಲಿಲ್ಲ. ಸುದ್ದಿ ಹರಡಿ, ಗಡ್ಡ ಇಲ್ಲದವರೂ ಕೆನ್ನೆ ಸವರಿಕೊಂಡು ಬಂದು ಕೂತರು. ಜವಳಿ ಅಂಗಡಿಯ ಸಾಹುಕಾರರು ತಾವೂ ಬಂದು, ಪರವಾಗಿಲ್ಲ ಕಣಯ್ಯ ನೀನು ಸಾಧಿಸಿಬಿಟ್ಟೆ, ಅಂದರು. ಅವರ ಬಾಯಲ್ಲಿ ಅಷ್ಟು ಬರುವುದು ಸುಲಭವಲ್ಲ.

ಬ್ಯಾಂಕಿಗೂ ಹೋಗಿದ್ದೆ. ಮೇಡಂಗೆ ಈಗ ತಲೆ ನರೆತಿದೆ, ನನ್ನನ್ನು ಕಂಡರೆ ಮೊದಲು ನಗುತ್ತಾರೆ. ದುಡ್ಡು ನಮ್ಮ ಕೈಗೆ ಕೊಡುವುದಿಲ್ಲವಂತೆ, ನೇರ ನೀನು ಸೇರುವ ಕಡೆಗೇ ಹೋಗುತ್ತದೆ. ನಿನಗೆ ಇಪ್ಪತ್ತೊಂದು ತುಂಬುವ ತನಕ ಖಾತೆ ಮಾಡಿಸಿದವನ ಸಹಿ ಬೇಕು, ಅಂದರೆ ನನ್ನದು. ಕಾಗದ ಕಳಿಸು, ಸಹಿ ಹಾಕಿ ಮರುದಿನವೇ ಅಟ್ಟುತ್ತೇನೆ. ಹಳೆಯ ಪೇಪರಿನ ಅಂಚಿನಲ್ಲಿ ಬರೆದು ಬರೆದು ಅಭ್ಯಾಸ ಮಾಡುತ್ತಿದ್ದೇನೆ, ಕೊನೆಯ ಸುಳಿ ಇನ್ನೂ ಸರಿಯಾಗಿ ಬರುತ್ತಿಲ್ಲ.

ಕೌಂಟರಿನ ಈಚೆ ನಿಂತು ಮೇಡಂ ಕೂತಿರುವುದನ್ನು ನೋಡಿದೆ. ಮುಂದೆ ಗಾಜು, ಮೇಲೆ ಫ್ಯಾನು, ಕೆಳಗೆ ಮೆತ್ತನೆಯ ಕುರ್ಚಿ. ಮರಿ, ನಾನು ಹುಡುಗನಾಗಿದ್ದಾಗಿನಿಂದ ಬೇರೆಯವರನ್ನು ಕುರ್ಚಿಯಲ್ಲಿ ಕೂರಿಸಿ ಪಕ್ಕದಲ್ಲಿ ನಿಂತವನು. ಊರಿಗೆಲ್ಲ ಕುರ್ಚಿ ಕೊಟ್ಟೆ. ನೀನು ಕೂರಬೇಕು. ನಿನ್ನ ಮುಂದೆ ಜನ ನಿಲ್ಲಬೇಕು. ನನಗೆ ಬೇರೆ ಆಸೆ ಏನೂ ಇಲ್ಲ, ಇದ್ದದ್ದು ಇದೊಂದೇ, ಅದೂ ಕೈಗೆ ಬಂತು. ನಿನ್ನೆ ಬಾಗಿಲು ಹಾಕಿದ ಮೇಲೆ ಕನ್ನಡಿ ಮುಂದೆ ನಿಂತು ಒಬ್ಬನೇ ನಕ್ಕೆ.

ಮುಂದಿನ ಪತ್ರ ಉದ್ದಕ್ಕಿರಲಿ. ಗಿರಾಕಿಗಳು ಕಾಯುತ್ತಿದ್ದಾರೆ.

ಎದೆ ಉಬ್ಬಿ ಅಂಗಿಯ ಗುಂಡಿ ಕಿತ್ತುಕೊಂಡ
ನಿನ್ನ ಅಪ್ಪ


ಜುಲೈ ೫

ಅಪ್ಪ,

ನೀನು ಉದ್ದದ ಪತ್ರ ಕೇಳಿದೆ, ಬರೆಯುತ್ತಿದ್ದೇನೆ. ನೀನು ಅಂಗಡಿಯಲ್ಲಿ ನಿಂತೇ ಓದುತ್ತೀಯ ಎಂದು ಗೊತ್ತು, ಆದರೂ ಸಾಧ್ಯವಾದರೆ ಕೂತು ಓದು.

ನನಗೆ ಕಾಮರ್ಸ್ ಬೇಡ. ಈ ಸಾಲನ್ನು ಬರೆಯಲು ನನಗೆ ವಾರ ಹಿಡಿಯಿತು. ಬರೆದ ಮೇಲೆ ಇಷ್ಟೇನಾ ಅನ್ನಿಸಿತು.

ಲಿಫ್ಟು ರಿಪೇರಿಗೆ ಬರುವ ಮೇಷ್ಟ್ರ ವಿಷಯ ಬರೆದಿದ್ದೆನಲ್ಲ, ಅವರು ಇಲ್ಲಿಯ ಸರ್ಕಾರಿ ತರಬೇತಿ ಸಂಸ್ಥೆಯಲ್ಲಿ ಪಾಠವನ್ನೂ ಮಾಡುತ್ತಾರೆ. ಲಿಫ್ಟು ಕೂರಿಸುವುದು, ನೋಡಿಕೊಳ್ಳುವುದು, ರಿಪೇರಿ ಮಾಡುವುದು, ಎರಡು ವರ್ಷದ ಓದು. ಆವತ್ತಿನಿಂದ ನಾನು ದಿನಾ ಅವರ ಹಿಂದೆ ಹೋಗುತ್ತಿದ್ದೇನೆ. ಅತ್ತೆಗೆ ಗೊತ್ತು. ಒಂದು ದಿನ ಅವರು ನನ್ನ ಕೈಗೆ ಸ್ಪ್ಯಾನರ್ ಕೊಟ್ಟು ತಾವು ದೂರ ನಿಂತರು. ಬಾಗಿಲು ಎರಡು ಬೆರಳಿನಷ್ಟು ತೆರೆದು ಸಿಕ್ಕಿಕೊಳ್ಳುತ್ತಿತ್ತು. ಎಲ್ಲಿ ಕಚ್ಚುತ್ತಿದೆ ಎಂದು ನನಗೇ ಕಾಣಿಸಿತು. ಸರಿ ಮಾಡಿದೆ. ಬಾಗಿಲು ಸದ್ದಿಲ್ಲದೆ ಮುಚ್ಚಿಕೊಂಡಾಗ ನನಗೆ ಆದ ಸಂತೋಷ ಸೀಟು ಸಿಕ್ಕಿದ ದಿನ ಆಗಿರಲಿಲ್ಲ. ಆ ಕಾರ್ಡಿನಲ್ಲಿ ಎರಡೇ ಸಾಲು ಯಾಕೆ ಎಂದು ನೀನು ಕೇಳಿದ್ದೆ. ಬರೆಯಲು ಇದ್ದದ್ದು ಎರಡೇ ಸಾಲು ಅಪ್ಪ.

ಅಲ್ಲಿಗೆ ಪ್ರವೇಶ ಪರೀಕ್ಷೆ ಬರೆದೆ. ಸೀಟು ಸಿಕ್ಕಿದೆ. ಈ ವರ್ಷ ಸೇರುವವರಲ್ಲಿ ಹುಡುಗಿಯರು ನಾನೂ ಇನ್ನೊಬ್ಬಳೂ. ಕಾಲೇಜು ಖಾತೆಯ ದುಡ್ಡು ಇಂಥ ಕಡೆಗೂ ಕೊಡುತ್ತಾರೆಯೇ ಎಂದು ಇಲ್ಲಿಯ ಬ್ಯಾಂಕಿನಲ್ಲಿ ವಿಚಾರಿಸಿದೆ. ಕೊಡುತ್ತಾರೆ. ಶಾಲೆ ಮುಗಿದ ಮೇಲೆ ಏನು ಕಲಿತರೂ ಸರಿಯಂತೆ, ಹೆಸರು ಮಾತ್ರ ಕಾಲೇಜು ಖಾತೆ.

ನೀನು ಪ್ರತಿ ವಾರ ಬ್ಯಾಂಕಿಗೆ ಹೋಗುತ್ತಿದ್ದಾಗ ನಾನೂ ನಿನ್ನ ಬೆರಳು ಹಿಡಿದು ಬರುತ್ತಿದ್ದೆ. ಆ ದುಡ್ಡು ಹೇಗೆ ಬಂತು ಎಂದು ನನಗೆ ಗೊತ್ತು. ಅದನ್ನು ಮನಸ್ಸಿಲ್ಲದ ಓದಿಗೆ ಸುರಿಯಲು ನನಗೆ ಕೈ ಬರುವುದಿಲ್ಲ.

ಕಾಗದ ಇದರ ಜೊತೆಗಿದೆ. ನಿನ್ನ ಸಹಿ ಜುಲೈ ಮೂವತ್ತೊಂದರೊಳಗೆ ಇಲ್ಲಿ ಮುಟ್ಟಬೇಕು. ಆಮೇಲೆ ಸೀಟು ಬೇರೆಯವರಿಗೆ. ಕಾಮರ್ಸ್ ಸೀಟು ಅಲ್ಲಿಯವರೆಗೂ ಇರುತ್ತದೆ.

ನಿನ್ನ ಉತ್ತರಕ್ಕೆ ಕಾಯುವ
ಮಗಳು

ಮತ್ತೆ ನೆನಪಾಯಿತು: ದಯವಿಟ್ಟು ಈ ಪತ್ರವನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಬೇಡ.


ಜುಲೈ ೧೧

ಮಗಳೇ,

ನಾನು ಅಮ್ಮ. ನನಗೆ ಬರೆದು ಅಭ್ಯಾಸವಿಲ್ಲ, ಅಕ್ಷರ ಓರೆಯಾದರೆ ನೀನೇ ನೆಟ್ಟಗೆ ಮಾಡಿಕೋ.

ಓದಬೇಡ ಅನ್ನುವುದನ್ನು ಯಾರಾದರೂ ಕೊನೆಯಲ್ಲಿ ಬರೆಯುತ್ತಾರೆಯೇ? ಅದು ನಿಮ್ಮಪ್ಪನ ಕಣ್ಣಿಗೆ ಬೀಳುವಷ್ಟರಲ್ಲಿ ಎಲ್ಲ ಮುಗಿದಿತ್ತು. ನಾನು ಅಂಗಡಿಯಲ್ಲಿ ಇರಲಿಲ್ಲ, ಮೀಸೆ ಡ್ರೈವರ್ ಬಂದು ಹೇಳಿದ್ದು. ಜವಳಿ ಸಾಹುಕಾರರ ಮುಖಕ್ಕೆ ಸೋಪು ಹಚ್ಚಿ ಕೂರಿಸಿದ್ದರಂತೆ, ಬೆಂಚಿನ ತುಂಬ ಜನ. ಅಂಚೆಯವನು ಪತ್ರ ಕೊಟ್ಟದ್ದೇ ತಡ, ಎಲ್ಲರೂ ಕೇಳಿ ಎಂದು ಒಡೆದು ಓದಿದರಂತೆ. ನನಗೆ ಕಾಮರ್ಸ್ ಬೇಡ ಎಂಬ ಸಾಲನ್ನೂ ಅದೇ ದೊಡ್ಡ ದನಿಯಲ್ಲಿ ಓದಿ ಆಮೇಲೆ ನಿಂತರಂತೆ. ಒಳಗೇ ಓದಿಕೊಂಡು ಮಡಚಿ ಜೇಬಿಗೆ ಹಾಕಿಕೊಂಡರು. ಜನ ಬಿಡುತ್ತಾರೆಯೇ, ಏನಂತೆ ಏನಂತೆ ಎಂದು ಕೇಳಿದ್ದಕ್ಕೆ, ಲಿಫ್ಟು ರಿಪೇರಿ ಕಲೀತಾಳಂತೆ ಅಂದರು. ಆಗ ಸಾಹುಕಾರರು, "ಹಂಗಾದ್ರೆ ನಿನ್ನ ಕಾಲೇಜು ಇನ್ಮೇಲೆ ಮೇಲೂ ಕೆಳಗೂ ಓಡಾಡೋದೇ ಅನ್ನು" ಅಂದರಂತೆ. ಬೆಂಚಿಗೆ ಬೆಂಚೇ ನಕ್ಕಿತು. ನಿಮ್ಮಪ್ಪ ಒಂದು ಮಾತೂ ಆಡದೆ ಸಾಹುಕಾರರ ಗಡ್ಡ ಮುಗಿಸಿದರು. ಅವರು ಮಾತಾಡದೆ ಗಡ್ಡ ಮಾಡಿದ್ದನ್ನು ಈ ಬೀದಿ ನೋಡಿರಲಿಲ್ಲ.

ಅವತ್ತಿನಿಂದ ಬಾಯಿಗೆ ಬೀಗ. ಕನ್ನಡಿ ಪಕ್ಕದ ಜೆರಾಕ್ಸ್ ತೆಗೆದುಬಿಟ್ಟಿದ್ದಾರೆ, ಅಂಟಿನ ಗುರುತು ಹಾಗೇ ಉಳಿದಿದೆ. ಕಾಗದ ಡ್ರಾಯರಿನಲ್ಲಿದೆ, ಸಹಿ ಹಾಕಿಲ್ಲ. ನನ್ನ ಸಹಿ ನಡೆಯುತ್ತದೆಯೇ ಎಂದು ಬ್ಯಾಂಕಿನ ಮೇಡಂಗೆ ಕೇಳಿ ಬಂದೆ. ನಡೆಯುವುದಿಲ್ಲವಂತೆ.

ನಿನ್ನೆ ಊಟಕ್ಕೆ ಕೂತಾಗ ಒಂದೇ ಮಾತು ಅಂದರು, ನನ್ನ ಮಗಳೂ ದಿನವಿಡೀ ನಿಂತೇ ಸಾಯಬೇಕಾ ಎಂದು. ನನಗೆ ರೇಗಿತು. "ನಾನು ಮಿಷನ್ ಮುಂದೆ ಕೂತೇ ಕೆಲಸ ಮಾಡ್ತಿರೋದು. ಕೂತವಳ ಸೊಂಟ ಏನಾಗಿದೆ ಅಂತ ಒಂದು ದಿನ ಕೇಳಿದ್ದೀರಾ?" ಅಂದೆ. ಎದ್ದು ಎಣ್ಣೆ ಶೀಸೆ ತಂದು ನನ್ನ ಪಕ್ಕ ಇಟ್ಟರು.

ನೀನು ಸರಿಯೋ ಅವರು ಸರಿಯೋ ನಾನು ಹೇಳುವುದಿಲ್ಲ. ನಿನ್ನ ಪತ್ರವನ್ನು ಜೇಬಿನಿಂದ ಕದ್ದು ಓದಿದೆ. ಬಾಗಿಲು ಮುಚ್ಚಿಕೊಂಡ ಜಾಗವನ್ನು ಎರಡು ಸಲ ಓದಿದೆ.

ಹೊತ್ತಿಗೆ ಸರಿಯಾಗಿ ಉಣ್ಣು.

ಅಮ್ಮ


ಜುಲೈ ೧೬

ಅಪ್ಪ ಅವರಿಗೆ,

ನೀವು ಪತ್ರ ಬರೆದಿಲ್ಲ. ಅಮ್ಮ ಬರೆದಿದ್ದಾರೆ.

ಅಂಗಡಿಯಲ್ಲಿ ನಿಮಗೆ ಅವಮಾನವಾಯಿತು. ಅದಕ್ಕೆ ನಾನು ಕಾರಣ, ತಪ್ಪಾಯಿತು. ಗಟ್ಟಿಯಾಗಿ ಓದಬೇಡ ಎಂಬ ಸಾಲನ್ನು ಮೊದಲೇ ಬರೆಯಬೇಕಿತ್ತು. ಆದರೆ ಉಳಿದದ್ದರಲ್ಲಿ ತಪ್ಪು ಏನೆಂದು ಎಷ್ಟು ಯೋಚಿಸಿದರೂ ನನಗೆ ತಿಳಿಯುತ್ತಿಲ್ಲ.

ನಾನು ಕೂತು ಕೆಲಸ ಮಾಡಬೇಕು ಅನ್ನುತ್ತೀರಿ. ನಾನು ಯಾವತ್ತೂ ಕುರ್ಚಿ ಕೇಳಿರಲಿಲ್ಲ. ಚಿಕ್ಕವಳಿದ್ದಾಗ ಶಾಲೆಯಿಂದ ನೇರ ನಿಮ್ಮ ಅಂಗಡಿಗೆ ಬಂದು ಬೆಂಚಿನ ಮೇಲೆ ಕೂತು ನಿಮ್ಮನ್ನೇ ನೋಡುತ್ತಿದ್ದೆ. ಮುಖ ಗಂಟಿಕ್ಕಿಕೊಂಡು ಬಂದವರು ಕನ್ನಡಿ ನೋಡಿ ಕೆನ್ನೆ ಸವರಿಕೊಂಡು ಹಗುರಾಗಿ ಎದ್ದು ಹೋಗುತ್ತಿದ್ದರು. ಅದು ನಿಮ್ಮ ಕೈಯಿಂದ ಆಗುತ್ತಿತ್ತು. ತರಗತಿಯಲ್ಲಿ ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಕೇಳಿದರೆ ನಾನೇ ಮೊದಲು ಕೈ ಎತ್ತುತ್ತಿದ್ದೆ. ನೀವು ನಿಂತು ಕೆಲಸ ಮಾಡುವುದು ನನಗೆ ಯಾವತ್ತೂ ನಾಚಿಕೆ ಅನ್ನಿಸಿಲ್ಲ. ನಿಮಗೆ ಅನ್ನಿಸಿದೆಯೇ? ಇದೊಂದಕ್ಕೆ ಉತ್ತರ ಕೊಡಿ.

ಸಹಿ ಹಾಕುವುದಿಲ್ಲವೆಂದರೆ ಹಾಕಬೇಡಿ. ನಾನು ಹಠ ಮಾಡಿ ಎಲ್ಲಿಗೂ ಹೋಗುವುದಿಲ್ಲ. ಕಾಮರ್ಸ್ ಸೇರುತ್ತೇನೆ, ಓದುತ್ತೇನೆ, ಪಾಸೂ ಆಗುತ್ತೇನೆ. ನೀವು ಹೇಳಿದ ಗಾಜಿನ ಹಿಂದೆ ಕೂರುತ್ತೇನೆ. ಆಮೇಲೆ ಪತ್ರ ಯಾಕೆ ಇಷ್ಟು ಚಿಕ್ಕದು ಎಂದು ಮಾತ್ರ ಕೇಳಬೇಡಿ.

ನಿಮ್ಮ ಮಗಳು


ಜುಲೈ ೨೬

ಮರಿ,

ಮೊದಲು ಸಣ್ಣ ವಿಷಯ. ಹುಟ್ಟಿ ಮಾತು ಕಲಿತಾಗಿನಿಂದ ನನ್ನನ್ನು 'ನೀನು' ಅಂದವಳು ಈ ಸಲ 'ನೀವು' ಅಂದಿದ್ದೀಯ. ಪತ್ರದ ತುಂಬ ನೀವು, ನಿಮ್ಮ, ನಿಮಗೆ. ಸಾಹುಕಾರರು ಅಂಗಡಿಯಲ್ಲಿ ನಕ್ಕದ್ದಕ್ಕಿಂತ ಅದು ಹೆಚ್ಚು ಚುಚ್ಚಿತು. ನನಗೆ ಮರ್ಯಾದೆ ಕೊಡಲು ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ನಿನ್ನಿಂದ ಅದು ಬೇಡ.

ಇನ್ನು ದೊಡ್ಡ ವಿಷಯ. ನಿನ್ನ ಪತ್ರಕ್ಕೆ ಸಿಟ್ಟಿನಲ್ಲಿ ಒಂದು ಉತ್ತರ ಬರೆದಿದ್ದೆ. ಕಾಮರ್ಸೇ ಸೇರು, ನಾನು ಹೇಳಿದ್ದೇ ಆಗಬೇಕು ಎಂದು. ಅದನ್ನು ಅಂಚೆಗೆ ಹಾಕಲು ಜೇಬಿನಲ್ಲಿ ಇಟ್ಟುಕೊಂಡೇ ನಿನ್ನೆ ಅಂಗಡಿಗೆ ಬಂದೆ. ಜವಳಿ ಸಾಹುಕಾರರು ಗಡ್ಡಕ್ಕೆ ಬಂದು ಕೂತರು. ಬೆಂಚಿನ ಮೇಲೆ ಮೀಸೆ ಡ್ರೈವರ್ ಇದ್ದ, ಇನ್ನೂ ಮೂರ್ನಾಲ್ಕು ಜನ ಇದ್ದರು. ಒಂದು ಕೆನ್ನೆ ಮುಗಿಸಿದ್ದೆ. ಸಾಹುಕಾರರು ನನ್ನನ್ನು ಸಮಾಧಾನ ಮಾಡುವ ದನಿಯಲ್ಲಿ, "ಬೇಜಾರು ಮಾಡ್ಕೋಬೇಡಪ್ಪ. ಈ ಥರದ ಕೆಲಸದಿಂದ ಮಕ್ಕಳನ್ನ ಮೇಲೆತ್ತೋದು ಎಲ್ರ ಕೈಲೂ ಆಗಲ್ಲ" ಅಂದರು.

ಯಾವ ಥರದ ಕೆಲಸ ಎಂದು ಕೇಳಿದೆ.

"ಇದೇ ಕಣಯ್ಯ, ನಿಂದು."

ಮರಿ, ನನಗೆ ಏನಾಯಿತು ಗೊತ್ತಿಲ್ಲ. ಕತ್ತಿ ಒರೆಸಿ ಮಡಚಿಟ್ಟೆ. ಅವರ ಕುತ್ತಿಗೆಯ ಬಟ್ಟೆ ಬಿಚ್ಚಿ ಕೊಡವಿದೆ. ಎದ್ದೇಳಿ ಸಾಹುಕಾರರೇ ಅಂದೆ. ಇನ್ನೊಂದು ಕೆನ್ನೆ ಹಾಗೇ ಇದೆಯಲ್ಲ ಅಂದರು. "ಈ ಥರದ ಕೆಲಸ ನಿಮ್ಮ ಕೆನ್ನೆಗೆ ಯಾಕೆ ಬೇಕು? ಬೇರೆ ಥರದ ಕೆಲಸದವರ ಹತ್ರ ಮಾಡಿಸ್ಕೊಳ್ಳಿ" ಅಂದೆ. ಅವರು ತಮಾಷೆ ಎಂದುಕೊಂಡು ಸ್ವಲ್ಪ ಹೊತ್ತು ಕೂತೇ ಇದ್ದರು. ಆಮೇಲೆ ಒಂದು ಕೆನ್ನೆ ನುಣ್ಣಗೆ, ಒಂದು ಕೆನ್ನೆ ಸೋಪು, ಹಾಗೆಯೇ ಬೀದಿಗುಂಟ ತಮ್ಮ ಅಂಗಡಿಯ ತನಕ ನಡೆದು ಹೋದರು. ಈ ಸಲ ಬೆಂಚು ನಗಲಿಲ್ಲ. ಮೀಸೆ ಡ್ರೈವರ್ ಮಾತ್ರ ಕರವಸ್ತ್ರ ಬಾಯಿಗೆ ಒತ್ತಿಕೊಂಡಿದ್ದ.

ಅವರನ್ನು ಎಬ್ಬಿಸಿ ಕಳಿಸಿದ ಮೇಲೆ ಎದೆ ತಣ್ಣಗಾಗಬೇಕಿತ್ತು, ಆಗಲಿಲ್ಲ. ಆ ಮಾತು ಸಾಹುಕಾರರದಲ್ಲ. ಅವರು ಗಡ್ಡಕ್ಕೆ ಬಂದಾಗಲೆಲ್ಲ ನನ್ನ ಮಗಳು ಈ ಥರದ ಕೆಲಸ ಮಾಡಲ್ಲ ಎಂದು ಅವರ ಕಿವಿಗೆ ತುಂಬಿದವನು ನಾನು. ಪಾಪ, ಕಲಿಸಿದ್ದನ್ನು ಒಪ್ಪಿಸಿದರು. ಜೇಬಿನಲ್ಲಿದ್ದ ಪತ್ರದಲ್ಲೂ ನಾನು 'ಈ ಥರದ ಕೆಲಸ' ಎಂದೇ ಬರೆದಿದ್ದೆ. ಅದನ್ನು ಹರಿದು, ನೆಲದ ಮೇಲಿನ ಕೂದಲಿನ ಜೊತೆ ಗುಡಿಸಿ ಹಾಕಿದೆ.

ನಾಚಿಕೆ ಅನ್ನಿಸಿದೆಯೇ ಎಂದು ಕೇಳಿದ್ದೀಯ. ಯೋಚಿಸಿದೆ. ಇಲ್ಲ ಮರಿ. ನನಗೆ ನಾಚಿಕೆ ಇರಲಿಲ್ಲ, ಕಾಲುನೋವು ಇತ್ತು. ಇಷ್ಟು ವರ್ಷ ಎರಡನ್ನೂ ಒಂದೇ ಅಂದುಕೊಂಡುಬಿಟ್ಟಿದ್ದೆ.

ಸಹಿ ಹಾಕಿದ್ದೇನೆ. ಅಂಚೆಯನ್ನು ನಂಬಿ ಕೂರುವಷ್ಟು ದಿನ ಉಳಿದಿಲ್ಲ, ಅದಕ್ಕೇ ಅಲ್ಲಿಗೆ ಬಸ್ಸು ಓಡಿಸುವ ಮೀಸೆ ಡ್ರೈವರ್ ಕೈಯಲ್ಲಿ ಕೊಟ್ಟಿದ್ದೇನೆ. ಕಾಗದ ನಿನ್ನ ಕೈಗೆ ಮುಟ್ಟುವ ತನಕ ಬಸ್ಸನ್ನು ಟೀಗೂ ನಿಲ್ಲಿಸಬೇಡ ಎಂದು ಹೇಳಿದ್ದೇನೆ. ಆ ಸುಳಿ ಮತ್ತೆ ಸರಿಯಾಗಿ ಬಂದಿಲ್ಲ. ನಡೆಯುತ್ತದೆ ಎಂದು ಮೇಡಂ ಹೇಳಿದರು.

ಎತ್ತರದಲ್ಲಿ ಹುಷಾರು. ಅದೊಂದು ಹೆದರಿಕೆ ಇದೆ, ಅದು ಹೋಗುವುದಿಲ್ಲ, ಹೋಗು ಎಂದು ಹೇಳಲೂ ಬೇಡ.

ಮತ್ತೆ 'ನೀನು' ಅನ್ನಿಸಿಕೊಳ್ಳಲು ಕಾಯುತ್ತಿರುವ
ಅಪ್ಪ


ಅಕ್ಟೋಬರ್ ೧೯

ಅಪ್ಪ,

ನೀನು, ನೀನು, ನೀನು. ಸಾಕೇ? ಪ್ರತಿ ಪತ್ರದಲ್ಲೂ ಎಷ್ಟು ನೀನು ಇದೆ ಎಂದು ಹುಡುಕುತ್ತೀಯಂತೆ, ಅಮ್ಮ ಹೇಳಿದರು.

ಕೈಗೆ ಗ್ರೀಸು ಮೆತ್ತಿದರೆ ಸೀಮೆಎಣ್ಣೆಗೂ ಹೋಗುವುದಿಲ್ಲ. ನೀನು ಕಳಿಸಿದ ಗಡ್ಡದ ಸೋಪಿಗೆ ಹೋಗುತ್ತದೆ, ಈಗ ತರಗತಿಯವರೆಲ್ಲ ಅದನ್ನೇ ಕೇಳುತ್ತಾರೆ. ಇನ್ನೂ ನಾಲ್ಕು ಕಳಿಸು. ಈ ವಾರ ಮೊದಲ ಸಲ ಲಿಫ್ಟು ಓಡಾಡುವ ಬಾವಿಯಂಥ ದಾರಿಯೊಳಗೆ, ಅದರ ನೆತ್ತಿಯ ಮೇಲೆ ನಿಂತು ಕೆಲಸ ಮಾಡಿದೆವು. ಬೆಲ್ಟು ಬಿಗಿದಿರುತ್ತದೆ, ಮೇಷ್ಟ್ರು ಎರಡು ಸಲ ಎಳೆದು ನೋಡದೆ ಯಾರನ್ನೂ ಇಳಿಸುವುದಿಲ್ಲ. ಇದನ್ನು ಬರೆಯಬಾರದು ಅಂದುಕೊಂಡಿದ್ದೆ, ಬಚ್ಚಿಟ್ಟರೆ ನೀನು ಇನ್ನೂ ಹೆಚ್ಚು ಹೆದರುತ್ತೀಯ ಎಂದು ಬರೆದೆ. ನನ್ನ ಜೊತೆಯ ಹುಡುಗಿ ಮೊದಲು ಅತ್ತಳು, ಆಮೇಲೆ ಅಲ್ಲಿಂದ ಹೊರಗೆ ಬರಲು ಒಲ್ಲೆ ಅಂದಳು.

ನಿನಗೆ ಹೇಳಲೇಬೇಕಾದ್ದು ಇನ್ನೊಂದಿದೆ. ನಿನ್ನೆ ಕಚೇರಿಯ ಗುಮಾಸ್ತರು ಈ ಫೀಸು ಎಲ್ಲಿಂದ ಬರುತ್ತದೆ, ಯಾವ ಖಾತೆ ಇದು ಎಂದು ಕೇಳಿದರು. ಒಂದೇ ಮಾತಿನಲ್ಲಿ ಹೇಳಿ ಬರಬಹುದಿತ್ತು. ಆದರೆ ನಾನು ಒಂದನೇ ತರಗತಿಯಿಂದ ಶುರು ಮಾಡಿದೆ. ನೀನು ತಲೆ ಬೋಳಿಸಬೇಡಿ ಅಂದದ್ದು, ನಿನಗೆ ಜ್ವರ ಬಂದಾಗ ಅಮ್ಮ ಬ್ಯಾಂಕಿಗೆ ಹೋದದ್ದು, ಯಾವುದನ್ನೂ ಬಿಡಲಿಲ್ಲ. ನನ್ನ ಕೈಯಲ್ಲಿ ದೊಡ್ಡ ಸ್ಪ್ಯಾನರ್ ಇತ್ತು, ಅದಕ್ಕೋ ಏನೋ ಅವರು ಕೊನೆಯ ತನಕ ಕೇಳಿದರು. ಹೊರಗೆ ಬಂದ ಮೇಲೆ ನನಗೇ ನಗು ಬಂತು.

ಸಾಹುಕಾರರು ಮತ್ತೆ ಬಂದರೇ?

ಗ್ರೀಸಿನ ಕೈಯ
ನಿನ್ನ ಮಗಳು


ಜೂನ್ ೧೨

ಮರಿ,

ಸಾಹುಕಾರರು ಹೋದ ವರ್ಷವೇ ಬಂದರು, ಎಬ್ಬಿಸಿ ಕಳಿಸಿದ ಮೂರು ತಿಂಗಳಿನ ಮೇಲೆ. ಬೇರೆ ಕಡೆ ಕೆನ್ನೆ ಗಾಯವಾಯಿತಂತೆ. ಇಬ್ಬರೂ ಆ ಮಾತು ಎತ್ತಲಿಲ್ಲ. ಇದನ್ನು ಹೋದ ಪತ್ರಗಳಲ್ಲೇ ಬರೆಯಬೇಕಿತ್ತು, ಬೇಕೆಂದೇ ಉಳಿಸಿಕೊಂಡಿದ್ದೆ, ನೀನು ಮತ್ತೆ ಮತ್ತೆ ಕೇಳುವುದು ಚೆನ್ನಾಗಿತ್ತು.

ನಿನ್ನೆ ನಿನ್ನ ಶಾಲೆಯಲ್ಲಿ ಈ ವರ್ಷದ ಒಂದನೇ ತರಗತಿಯ ಮಕ್ಕಳಿಗೆ ಖಾತೆ ತೆರೆಯುವ ದಿನ. ಅಪ್ಪ ಅಮ್ಮಂದಿರು ನಂಬುವುದಿಲ್ಲ, ನೀವು ಬಂದು ನಾಲ್ಕು ಮಾತು ಹೇಳಿ ಎಂದು ಬ್ಯಾಂಕಿನ ಮೇಡಂ ಕರೆದಿದ್ದರು. ನಾಲ್ಕು ಮಾತನ್ನು ನಾಲ್ಕು ಹಾಳೆ ಬರೆದೆ. ನಿನ್ನ ಅಮ್ಮ ಓದಿ, ಇದರಲ್ಲಿ ಮೂರು ಹಾಳೆ ನೀವೇ ಇದ್ದೀರಿ ಎಂದು ಕಿತ್ತು ಹಾಕಿದಳು. ಉಳಿದದ್ದನ್ನು ಮಡಚಿಕೊಂಡು, ಇಸ್ತ್ರಿ ಅಂಗಿ ಹಾಕಿಕೊಂಡು ಹೋದೆ. ಅವಳೂ ಅರ್ಧ ದಿನ ರಜೆ ಹಾಕಿ ಬಂದಳು, ಹಿಂದಿನ ಸಾಲಿನಲ್ಲಿ ಕೂತಳು.

ನೀನು ಕೂತಿದ್ದ ಅದೇ ತರಗತಿ. ದೊಡ್ಡವರೆಲ್ಲ ಮಕ್ಕಳ ಬೆಂಚಿನಲ್ಲಿ ಮೊಣಕಾಲು ಎದೆಗೆ ಒತ್ತಿಕೊಂಡು ಕೂತಿದ್ದರು. ಗಾರೆಯವರು, ಹಮಾಲರು, ಮನೆಗೆಲಸದವರು, ಕೆಲಸದಿಂದ ನೇರ ಬಂದವರು. ಎಷ್ಟೋ ಜನರ ಮುಖದಲ್ಲಿ ನನ್ನದೇ ಹಳೆಯ ಮುಖ ಇತ್ತು, ಇವರು ಯಾರ ತಲೆ ಬೋಳಿಸಲು ಬಂದಿದ್ದಾರೋ ಎಂಬ ಮುಖ. ನಾನು ಹಾಳೆ ತೆಗೆದೆ, ಆ ಮುಖಗಳನ್ನು ನೋಡಿ ಮತ್ತೆ ಮಡಚಿದೆ. ಜೇಬಿಗೆ ಹಾಕಿಕೊಂಡು ಬಾಯಿಗೆ ಬಂದದ್ದು ಹೇಳಿದೆ. ವಾರವಾರ ಹಾಕಿ, ಚೂರಾದರೂ ಹಾಕಿ, ಅವರು ನಿಜವಾಗಿಯೂ ಅಷ್ಟೇ ಸೇರಿಸುತ್ತಾರೆ ಅಂದೆ. ಕೈಯಲ್ಲಿ ಕತ್ತಿ ಇಲ್ಲದೆ ಅಷ್ಟು ಜನ ಸುಮ್ಮನೆ ಕೂತು ನನ್ನ ಮಾತು ಕೇಳಿದ್ದು ಇದೇ ಮೊದಲು.

ಮುಗಿಸಿ ಕೂರಬೇಕು, ಅಷ್ಟರಲ್ಲಿ ಬಾಗಿಲ ಹತ್ತಿರ ಒಬ್ಬ ಹೆಣ್ಣುಮಗಳು ಎದ್ದಳು. ಬೀದಿ ಗುಡಿಸುವ ಕೆಲಸದವಳು, ಸಮವಸ್ತ್ರದಲ್ಲೇ ಬಂದಿದ್ದಳು, ಸೊಂಟದ ಮೇಲೆ ಮಗಳು. ಜೋರು ದನಿಯವಳು.

"ಅಣ್ಣಾ, ಇಷ್ಟು ವರ್ಷ ಹಾಕಿದ್ರಿ. ಸರಿ. ಕೊನೆಗೆ ನಿಮ್ಮ ಮಗಳು ಏನಾದ್ಲು?"

ತರಗತಿಗೆ ತರಗತಿಯೇ ನನ್ನ ಕಡೆ ತಿರುಗಿತು. ಸಾಹುಕಾರರ ಮಾತು ನೆನಪಿಗೆ ಬರಲಿಲ್ಲ, ಗಾಜೂ ಫ್ಯಾನೂ ನೆನಪಿಗೆ ಬರಲಿಲ್ಲ. ನಿನ್ನ ಅಮ್ಮ ಮುಂದಕ್ಕೆ ಬಾಗಿ ಕೂತಿದ್ದದ್ದು ಕಾಣಿಸಿತು.

"ಲಿಫ್ಟ್ ರಿಪೇರಿ ಕಲೀತಿದ್ದಾಳಮ್ಮ, ಇನ್ನೊಂದು ವರ್ಷ ಇದೆ. ಕೈ ಕಸುಬಿನವಳು" ಅಂದೆ. "ನನ್ನನ್ನೇ ಹೋಲ್ತಾಳೆ."

ನಿನ್ನ ಮುಖ ನನ್ನದು ಎಂದು ಎಷ್ಟೋ ಜನ ಹೇಳಿದ್ದಾರೆ. ಆದರೆ ಈ ಮಾತು ನನ್ನ ಬಾಯಿಂದಲೇ ಬಂದದ್ದು ಇದೇ ಮೊದಲು, ಅದೂ ಅಷ್ಟು ಜನರ ಎದುರು. ಅಷ್ಟಕ್ಕೇ ಮಾತು ಮುಗಿಸಿ ಕೂತೆ. ನಾನು, ಮರಿ!

ಆಕೆ ಮಗಳನ್ನು ಸೊಂಟದಿಂದ ಇಳಿಸಿ, ಮೇಡಂ ಮೇಜಿನ ಹತ್ತಿರ ಹೋಗಿ, ಸಹಿ ಎಲ್ಲಿ ಹಾಕಬೇಕು ಎಂದು ಕೇಳಿದಳು.

ನಿನ್ನ
ಅಪ್ಪ